ಸೊಪ್ಪಿನಲ್ಲಿ ಇಲ್ಲದ್ದು

ಬಸ್ ನಿಲ್ದಾಣದ ಎದುರಿನ ಅಂಗಡಿಸಾಲಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವಳು ಹೆಂಗಸೆಂದು ಮೊದಲ ಸಲ ಬಂದವರು ಗಡಿಯಾರ ಕೊಡಲು ಅನುಮಾನಿಸುತ್ತಿದ್ದರು. ಅಪ್ಪನಿಂದ ಕಲಿತ ಕೆಲಸ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಚಿಮಟದಿಂದ ಎತ್ತಿ ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಇಪ್ಪತ್ತೆರಡು ವರ್ಷ ಹಾಗೇ ನಡೆಯಿತು. ಆಮೇಲೆ ಒಂದೇ ವಾರದಲ್ಲಿ ಮೂರು ಸ್ಕ್ರೂ ಕೈಜಾರಿ ಕಳೆದುಹೋದವು.

ಬೆರಳ ತುದಿಗಳು ಜುಮುಗುಟ್ಟುತ್ತಿದ್ದವು. ಚಿಮಟ ಕೈಯಲ್ಲಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನೋಡಿಯೇ ತಿಳಿಯಬೇಕಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಅವಳು ಹುಟ್ಟಿದಾಗಿನಿಂದ ಸಸ್ಯಾಹಾರಿ. ಹೊಟ್ಟೆಗೆ ಒಗ್ಗುವುದಿಲ್ಲವೆಂದು ಹಾಲು ಮೊಸರು ಬಿಟ್ಟೂ ಹತ್ತು ವರ್ಷವಾಗಿತ್ತು.

“ರಕ್ತ ಇಲ್ಲ ನಿಂಗೆ. ಸೊಪ್ಪು ತಿನ್ನು,” ಎಂದರು ಅತ್ತೆ.

ತಿಂದಳು. ಸೊಪ್ಪು, ಬೀಟ್‌ರೂಟ್, ಮೊಳಕೆ ಕಾಳು. ನಾಲಿಗೆ ಉರಿಯುತ್ತಿದ್ದರೂ ಬಿಡಲಿಲ್ಲ. ತಂಗಿ ಫೋನಿನಲ್ಲಿ ಹೇಳಿದ ಪ್ರೋಟೀನ್ ಪುಡಿಯನ್ನೂ ನೀರಿಗೆ ಕಲಸಿ ನುಂಗಿದಳು. ಪಕ್ಕದ ಚಪ್ಪಲಿ ಅಂಗಡಿಯವನು, “ಒಂದಿಷ್ಟು ಮಾಂಸ ತಿಂದು ನೋಡಿ ಅಕ್ಕಾ, ಯಾರಿಗೂ ಹೇಳಲ್ಲ,” ಎಂದ. ಗಂಡನಂತೂ, “ಸುಮ್ನೆ ಏನೇನೋ ಯೋಚನೆ ಮಾಡ್ತೀಯ,” ಎಂದು ಕೈತೊಳೆದುಕೊಂಡ. ಮೂರು ತಿಂಗಳು ಹೀಗೇ ಹೋಯಿತು.

ಒಂದು ಬೆಳಿಗ್ಗೆ ಚಪ್ಪಲಿ ಅಂಗಡಿಯವನು ಅವಳ ಒಂದು ಚಪ್ಪಲಿ ಹಿಡಿದು ಬಂದ. ಅದು ರಸ್ತೆಯಲ್ಲಿ ಕಳಚಿ ಬಿದ್ದಿತ್ತು. ಅವಳು ಒಂದೇ ಚಪ್ಪಲಿಯಲ್ಲಿ ಅಂಗಡಿಯವರೆಗೆ ನಡೆದುಬಂದಿದ್ದಳು, ಗೊತ್ತೇ ಆಗಿರಲಿಲ್ಲ. ಅಂದೇ ಶಟರ್ ಎಳೆದು ಡಾಕ್ಟರ ಹತ್ತಿರ ಹೋದಳು.

ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ ಹೇಳಿದರು: “ವಿಟಮಿನ್ ಬಿ ಟ್ವೆಲ್ವ್ ತುಂಬಾ ಕಡಿಮೆ ಇದೆ. ನರಕ್ಕೂ ರಕ್ತಕ್ಕೂ ಅದು ಬೇಕೇ ಬೇಕು. ಸೊಪ್ಪು, ಕಾಳಲ್ಲಿ ಅದು ಸಿಗಲ್ಲಮ್ಮ. ಸಸ್ಯಾಹಾರಿಗಳಿಗೆ ಹಾಲಿಂದ ಒಂದಿಷ್ಟು ಸಿಗುತ್ತೆ. ಹಾಲೂ ಬಿಟ್ಟವರು ಮಾತ್ರೆ ತಗೊಳ್ಳಲೇಬೇಕು.”

“ಹಂಗಾದ್ರೆ ಮೂರು ತಿಂಗಳು ನಾನು ತಿಂದಿದ್ದು?”

“ಅದು ಒಳ್ಳೇದೇ. ಆದ್ರೆ ನಿಮಗೆ ಬೇಕಾಗಿದ್ದು ಅದಲ್ಲ. ಇನ್ನೂ ಬೇಗ ಬರಬೇಕಿತ್ತು ನೀವು.”

ಆ ಕೊನೆಯ ಮಾತು ಅವಳ ಮೈಯೆಲ್ಲ ಉರಿಸಿತು. ಬೇಗ ಹೋಗು ಎಂದವರು ಒಬ್ಬರೂ ಇರಲಿಲ್ಲ. ತಿನ್ನು ಎಂದವರೇ ಎಲ್ಲರೂ.

ತೀರಾ ಕಡಿಮೆ ಇದ್ದುದರಿಂದ ಮಾತ್ರೆಗೆ ಮೊದಲು ಇಂಜೆಕ್ಷನ್ ಶುರುವಾಯಿತು. ಮನೆಯಲ್ಲಿ ಅತ್ತೆ ಗೊಣಗಿದರು: “ನಾವೆಲ್ಲ ಸೂಜಿ ಚುಚ್ಚಿಸ್ಕೊಂಡು ಬದುಕಿದ್ವಾ?”

“ನೀವು ದಿನಾ ಎರಡು ಲೋಟ ಹಾಲು ಕುಡೀತೀರಿ ಅತ್ತೆ. ನಾನು ಕುಡಿಯಲ್ಲ. ಅಷ್ಟೇ ವ್ಯತ್ಯಾಸ,” ಎಂದು ತಟ್ಟೆಯನ್ನು ತುಸು ಜೋರಾಗಿಯೇ ಕುಕ್ಕಿದಳು.

ಎರಡು ತಿಂಗಳಲ್ಲಿ ಏದುಸಿರು ಹೋಯಿತು, ಪಾದಕ್ಕೆ ನೆಲ ಗೊತ್ತಾಗತೊಡಗಿತು. ಬಲಗೈಯ ಎರಡು ಬೆರಳು ಮಾತ್ರ ವರ್ಷವಾದರೂ ಪೂರ್ತಿ ದಾರಿಗೆ ಬರಲಿಲ್ಲ. ಈಗ ಗೋಡೆ ಗಡಿಯಾರಗಳನ್ನಷ್ಟೇ ಬಿಚ್ಚುತ್ತಾಳೆ. ಸಣ್ಣ ಕೈಗಡಿಯಾರ ತಂದವರಿಗೆ, “ಪಾರ್ಟ್ಸ್ ಸಿಗ್ತಿಲ್ಲ,” ಎಂದುಬಿಡುತ್ತಾಳೆ. ನಿಜ ಹೇಳಲು ಹೊರಟರೆ ಅವರದೂ ಒಂದು ಸಲಹೆ ಕೇಳಬೇಕಾಗುತ್ತದೆ.