ರೈಲಿನಿಂದ ತಂದ ಬೆಂಕಿ

ಆಗ ನನಗೆ ಹದಿನೆಂಟು ವರ್ಷ. ಅದಾಗಿ ಅರವತ್ತು ವರ್ಷ ಕಳೆದಿದೆ. ಕಪಿಲಾ ಹೊಳೆಯ ದಂಡೆಯಿಂದ ಮಾಕಳಿದುರ್ಗದ ಬುಡಕ್ಕೆ ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ನಮ್ಮತ್ತೆ ಬೂದಿಯ ಜೊತೆ ಮಾತಾಡುವುದನ್ನು ಕಂಡೆ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೂದಿಯನ್ನು ಬೆರಳಲ್ಲಿ ಸರಿಸುತ್ತಾ, "ಲೇ ತಲ್ಲೀ, ತೆಲ್ಲಾರಿಂದಿ" ಎನ್ನುತ್ತಿದ್ದಳು. ಏಳು ತಾಯಿ, ಬೆಳಗಾಯಿತು ಎಂದು ಅರ್ಥ. ಅದು ತೆಲುಗು ಎಂಬುದೂ ನನಗೆ ಆಗ ಗೊತ್ತಿರಲಿಲ್ಲ. ಹುಚ್ಚಿ ಇರುವ ಮನೆಗೆ ಕೊಟ್ಟುಬಿಟ್ಟರಲ್ಲಪ್ಪ ಎಂದುಕೊಂಡೆ. ಅಷ್ಟರಲ್ಲಿ ಬೂದಿಯೊಳಗಿಂದ ಕೆಂಪಗೆ ಒಂದು ಕೆಂಡ ಕಣ್ಣು ಬಿಟ್ಟಿತು.

ಹೊಳೆದಂಡೆಯ ನಮ್ಮೂರಿನವರು ಈಗಲೂ ಕೇಳುತ್ತಾರೆ, ಆ ಬಂಡೆ ಸೀಮೆಯಲ್ಲಿ ಹೇಗೆ ಬಾಳಿದೆ ಎಂದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಅಕ್ಷರ ಬಂದದ್ದು ಮೊಮ್ಮಗಳ ಸ್ಲೇಟಿನಿಂದ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಬಂಡೆ ಸೀಮೆ ಎನ್ನುವುದು ಸುಳ್ಳಲ್ಲ. ನಮ್ಮಲ್ಲಿ ಮನೆಗೆ ನಾಡಹೆಂಚು. ಇಲ್ಲಿ ಗೋಡೆಯೂ ಕಲ್ಲು, ಮೇಲಿನ ಚಪ್ಪಡಿಯೂ ಕಲ್ಲು, ಕೂರುವ ಜಗಲಿಯೂ ಕಲ್ಲು. ಬೇಸಿಗೆಯಲ್ಲಿ ಮನೆಯೇ ರೊಟ್ಟಿ ಹೆಂಚಿನಂತೆ ಕಾಯುತ್ತದೆ. ನಮ್ಮಲ್ಲಿ ಅನ್ನ, ಇಲ್ಲಿ ರಾಗಿಮುದ್ದೆ. ಮೊದಲ ವಾರ ಮುದ್ದೆಯನ್ನು ಅಗಿದು ಅಗಿದು ದವಡೆ ನೋವು ಬಂತು. "ಅದ್ಯಾಕಮ್ಮಣ್ಣಿ ಮೆಲುಕು ಹಾಕ್ತೀಯಾ? ನುಂಗು!" ಎಂದು ಮಾವ ನಕ್ಕ. ನುಂಗಿದೆ. ಅದು ನಾನು ಇಲ್ಲಿ ಕಲಿತ ಮೊದಲ ವಿದ್ಯೆ.

ಹೊಳೆ ಇಲ್ಲದ್ದೇ ದೊಡ್ಡ ಕಷ್ಟವಾಗಿತ್ತು. ನಮ್ಮಲ್ಲಿ ಬೆಳಿಗ್ಗೆ ಎದ್ದ ಹೆಂಗಸು ಮೊದಲು ಹೊಳೆಗೆ ಹೋಗಿ, ಮೂರು ಬೊಗಸೆ ನೀರನ್ನು ಎತ್ತಿ ಅದಕ್ಕೇ ಬಿಟ್ಟು, ಆಮೇಲೆ ಬಾಯಿ ಮುಕ್ಕಳಿಸಬೇಕು. ಇಲ್ಲಿ ಇದ್ದದ್ದು ಒಂದು ಸೇದುವ ಬಾವಿ. ಅದರೊಳಗೆ ಬಗ್ಗಿ ನೋಡಿದರೆ ಕಾಣುವುದು ನನ್ನದೇ ಮುಖ. ಯಾರೂ ಇಲ್ಲದಾಗ ಅದರ ಜೊತೆ ನಾಲ್ಕು ಮಾತಾಡುತ್ತಿದ್ದೆ. ಆಗ ತಿಳಿಯಿತು, ಬೂದಿಯ ಜೊತೆ ಮಾತಾಡುವವಳು ಹುಚ್ಚಿಯೇನಲ್ಲ ಎಂದು.

ದೇವರುಗಳ ವಿಷಯವೂ ಬೇರೆ. ನಮ್ಮಲ್ಲಿ ದೇವರು ಗುಡಿಯಲ್ಲಿದ್ದಾನೆ, ಅವನಿಗೆ ಪೂಜಾರಿ ಇದ್ದಾನೆ, ನಾವು ಕೈಮುಗಿದು ಬಂದರೆ ಆಯಿತು. ಇಲ್ಲಿ ದೇವರು ಕಾಲಿಗೆ ತೊಡರುವಷ್ಟು ಹತ್ತಿರ. ಹೊಲದ ಬದುವಿನ ಮೂರು ಕಲ್ಲು ಮುನೇಶ್ವರ, ನೇಗಿಲು ಹೂಡುವ ಮುಂಚೆ ಅವನಿಗೆ ಹೇಳಬೇಕು. ಹೊಂಗೆ ಕೊಂಬೆ ಕಡಿಯುವ ಮುಂಚೆ ಮರವನ್ನು ಕೇಳಬೇಕು. ಮೊರವನ್ನು ಒದೆಯಬಾರದು, ಒನಕೆಯನ್ನು ದಾಟಬಾರದು, ಹೊಸ್ತಿಲ ಮೇಲೆ ನಿಂತು ಸೀನಬಾರದು. ಎಲ್ಲಕ್ಕೂ ಮೇಲೆ ಒಲೆ. ಅದರಲ್ಲಿರುವ ಬೆಂಕಿಯೇ ಮನೆಯ ಹಿರಿಯಳು. ಮುದ್ದೆಯ ಮೊದಲ ತುತ್ತು ಅವಳಿಗೆ, ಆಮೇಲೆ ಮಾವನಿಗೆ.

ಆ ಬೆಂಕಿಯನ್ನು ನಮ್ಮತ್ತೆಯ ಅತ್ತೆ, ಮನೆ ಪಾಲಾದಾಗ, ಹಳೇಮನೆಯ ಒಲೆಯಿಂದ ಮಡಕೆಯಲ್ಲಿ ತಂದಿದ್ದಳಂತೆ. ಅಂದಿನಿಂದ ಆರಿಲ್ಲ. ರಾತ್ರಿ ಕೆಂಡದ ಮೇಲೆ ಬೂದಿ ಹೊದಿಸಿ ಮಲಗಿಸುವುದು, ಬೆಳಿಗ್ಗೆ ಎಬ್ಬಿಸುವುದು. ಕಡ್ಡಿ ಗೀರಿ ಒಲೆ ಹೊತ್ತಿಸುವ ಹಾಗಿರಲಿಲ್ಲ. "ಕಡ್ಡಿ ಬೆಂಕಿಗೆ ಅಪ್ಪ ಇಲ್ಲ, ಅವ್ವ ಇಲ್ಲ" ಎನ್ನುತ್ತಿದ್ದಳು ಅತ್ತೆ. ಹೇಗಿದ್ದರೂ ಯುದ್ಧದ ಕಾಲ, ಕಡ್ಡಿಪೆಟ್ಟಿಗೆ ಅಂಗಡಿಯಲ್ಲಿ ಇರುತ್ತಲೂ ಇರಲಿಲ್ಲ. ನಾನು ಬಂದು ನಾಲ್ಕು ತಿಂಗಳಾದರೂ ಅತ್ತೆ ನನಗೆ ಒಲೆ ಮುಟ್ಟಗೊಡಲಿಲ್ಲ. ನೀರು ಸೇದು, ರಾಗಿ ಬೀಸು, ಸಗಣಿ ಬಾಚು. ಒಲೆಯ ಹತ್ತಿರ ಹೋದರೆ "ನೀನಿನ್ನೂ ಹೊಸಬಳು" ಎನ್ನುವಳು. ನಾಲ್ಕು ತಿಂಗಳು ಅದನ್ನೇ ಕೇಳಿಸಿಕೊಂಡರೆ ಎಂಥವಳಿಗೂ ಉರಿಯುತ್ತದೆ.

ಆಮೇಲೆ ಒಂದು ಗುರುವಾರ ತೂಬಗೆರೆಯಿಂದ ಆಳು ಬಂದ. ಅಲ್ಲಿಗೆ ಕೊಟ್ಟಿದ್ದ ನಾದಿನಿಗೆ ಹೆರಿಗೆ ನೋವು. ಅತ್ತೆ ಸೆರಗು ಸಿಕ್ಕಿಸಿ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು.

"ನಾಳೆ ಸಂಜೆಗೆ ಬರ್ತೀನಿ. ಒಲೆ ನಿನ್ ಕೈಲಿ ಐತೆ. ಜ್ವಾಪಾನ."

ನನಗೆ ಪಟ್ಟ ಕಟ್ಟಿದಷ್ಟು ಸಂತೋಷ. ರಾತ್ರಿ ಎಲ್ಲರೂ ಉಂಡ ಮೇಲೆ ಭಕ್ತಿಯಿಂದ ಕೆಲಸಕ್ಕೆ ಕೂತೆ. ನಾಳೆ ಶುಕ್ರವಾರ ಬೇರೆ. ನಮ್ಮ ಹೊಳೆದಂಡೆಯಲ್ಲಿ ದಿನವೆಲ್ಲ ಉರಿದ ಒಲೆಗೆ ರಾತ್ರಿ ನೀರು ಚಿಮುಕಿಸಿ ಹೊಟ್ಟೆ ತಂಪು ಮಾಡುತ್ತೇವೆ. ಬಿಸಿ ಒಲೆಯನ್ನು ಹಾಗೇ ಬಿಟ್ಟು ಮಲಗಿದರೆ ಮನೆಯಲ್ಲಿ ಜಗಳವಾಗುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಇಲ್ಲಿ ನಾಲ್ಕು ತಿಂಗಳು ಕಂಡದ್ದು ಆ ಸಂತೋಷದಲ್ಲಿ ಮರೆತೇಹೋಗಿತ್ತು. ಬೂದಿಯನ್ನೆಲ್ಲ ಬಾಚಿ ತಿಪ್ಪೆಗೆ ಹಾಕಿದೆ. ನೀರು ಚಿಮುಕಿಸಿದೆ. ಸಗಣಿ ಸಾರಿಸಿ, ರಂಗೋಲಿ ಎಳೆದು, ಒಂದು ಚೆಂಡುಹೂವನ್ನೂ ಇಟ್ಟೆ. ಅತ್ತೆ ನೋಡಿ ಮೆಚ್ಚಿಕೊಳ್ಳುತ್ತಾಳೆ ಎಂದು ಮಲಗಿದೆ. ಅತ್ತೆಯ ಅತ್ತೆ ತಂದ ಬೆಂಕಿಯನ್ನು ಹೂವಿಟ್ಟು ಕೊಂದಿದ್ದೆ.

ಬೆಳಿಗ್ಗೆ ಒಲೆಯ ಮುಂದೆ ಕೂತು "ಲೇ ತಲ್ಲೀ" ಎಂದೆ. ಯಾರು ಏಳಬೇಕು? ಆಗ ಹೊಳೆಯಿತು.

ಪಕ್ಕದ ಮನೆಯ ಅಕ್ಕಯ್ಯಮ್ಮನ ಬಳಿ ಬೆರಣಿ ಹಿಡಿದು ಓಡಿದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಒಂದು ಕೆಂಡ ಕೊಡಕ್ಕ."

"ಏನು ವಾರ ಇವತ್ತು?"

"ಶುಕ್ರವಾರ."

"ಗೊತ್ತಿದ್ದೂ ಬೆಂಕಿ ಕೇಳ್ತೀಯಲ್ಲೇ! ನಮ್ಮನೆ ಲಕ್ಷ್ಮೀನ ನಿಮ್ಮನೆಗೆ ಹೊತ್ಕೊಂಡು ಹೋಗ್ಬೇಕು ಅಂತಿದ್ದೀಯಾ?"

ನಮ್ಮಲ್ಲಿ ಶುಕ್ರವಾರ ದೀಪ ಹಚ್ಚಿದ ಮೇಲೆ ಮಾತ್ರ ಕೊಡುವುದಿಲ್ಲ. ಇಲ್ಲಿ ಮಂಗಳವಾರ, ಶುಕ್ರವಾರ ಬೆಳಗಿನಿಂದಲೇ ಇಲ್ಲ. ಎರಡನೆಯ ಮನೆ, ಮೂರನೆಯ ಮನೆ, ಎಲ್ಲ ಕಡೆಯೂ ಅದೇ ಮಾತು. ಮೂರನೆಯವಳು ಬಾಯಿ ಮಾತಿಗೆ "ಅಯ್ಯೋ ಪಾಪ" ಎಂದಳು. ಅದೊಂದೇ ಲಾಭ.

ನನ್ನ ಗಂಡ ಮುನಿಯಪ್ಪ ಎತ್ತಿಗೆ ನೊಗ ಕಟ್ಟುತ್ತಿದ್ದ. ವಿಷಯ ಕೇಳಿ ನೊಗ ಬಿಟ್ಟು ನಗಲು ಶುರುಮಾಡಿದ.

"ನಮ್ಮವ್ವ ನಿನ್ನ ಸುಮ್ನೆ ಬಿಡ್ತಾಳಾ? ಹೊಳೆಗೇ ವಾಪಸ್ ಕಳಿಸ್ತಾಳೆ ಕಣೇ!"

"ಕಳಿಸ್ಲಿ. ಅಲ್ಲಿ ಅನ್ನನಾದ್ರೂ ಸಿಗುತ್ತೆ" ಎಂದೆ. ಬಾಯಲ್ಲಿ ಹಾಗೆ ಅಂದೆನೇ ಹೊರತು ಹೊಟ್ಟೆಯಲ್ಲಿ ಬೇರೆ ಇತ್ತು. ಒಲೆ ಸತ್ತದ್ದು ತಿಳಿದರೆ ಜೀವಮಾನವಿಡೀ ನಾನು ಆ ಮನೆಯಲ್ಲಿ ಹೊಸಬಳೇ. ಸಗಣಿ ಬಾಚಿಕೊಂಡೇ ಸಾಯಬೇಕು.

ಅವನು ರಾತ್ರಿಯ ತಂಗಳು ಕುಡಿದು ಮಾವನ ಜೊತೆ ಹೊಲಕ್ಕೆ ಹೋದ. ನಾನು ಜಗಲಿಯ ಮೇಲೆ ಕೂತಿದ್ದೆ. ಅಷ್ಟರಲ್ಲಿ ಬೆಟ್ಟದ ಪಕ್ಕದಿಂದ ರೈಲು ಕೂಗಿತು. ಗೂಡ್ಸು ಗಾಡಿ ಏರು ಹತ್ತಿ, ನೀರು ಕುಡಿಯಲು ನಿಲ್ಲುತ್ತದೆ ಎಂದು ಗೊತ್ತಿತ್ತು. ಅದರ ಹೊಗೆ ನೋಡಿದೆ. ಹೊಗೆ ಇದ್ದಲ್ಲಿ ಇನ್ನೇನಿರುತ್ತದೆ? ಬಾಯಿ ಒಡೆದ ಮಡಕೆಗೆ ಅಡಿಯಲ್ಲಿ ತಿಪ್ಪೆಯ ಬೂದಿ ಹಾಕಿಕೊಂಡು ಓಡಿದೆ. ಒಂದು ಮೈಲಿ ದಾರಿ, ಎಲ್ಲ ಕಲ್ಲು.

ಇಂಜಿನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅದರ ಹೊಟ್ಟೆಯ ಬಾಗಿಲು ತೆರೆದಿತ್ತು. ನಮ್ಮ ಊರಿನ ಒಲೆಗಳನ್ನೆಲ್ಲ ಒಟ್ಟಿಗೆ ಸುರಿದರೂ ಅಷ್ಟು ಬೆಂಕಿ ಆಗುವುದಿಲ್ಲ. ಮಸಿ ಮೆತ್ತಿದ ಒಬ್ಬ ತಮಿಳಿನವನು ಸಲಿಕೆ ಹಿಡಿದು ಮೇಲೆ ನಿಂತಿದ್ದ.

"ಬೆಂಕಿ ಬೇಕು" ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ. "ನಿಪ್ಪು!" ಎಂದು ಅತ್ತೆಯ ತೆಲುಗಿನಲ್ಲಿ ಕೂಗಿದೆ.

"ನೆರುಪ್ಪಾ?" ಎಂದ ಅವನು, ಅವನ ಭಾಷೆಯಲ್ಲಿ. "ಯಾಕಮ್ಮಾ, ಊರಲ್ಲಿ ಒಲೆ ಇಲ್ವಾ?"

"ಒಲೆ ಐತೆ. ಶುಕ್ರವಾರ ಯಾರೂ ಕೊಡಲ್ಲ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಇಂಜಿನ್‌ಗೆ ಎಲ್ಲಾ ದಿನ ಒಂದೇಮ್ಮಾ! ವಾರ ನೋಡ್ಕೊಂಡು ಕೂತ್ರೆ ಹಿಂದೂಪುರ ಸೇರೋದು ಯಾವಾಗ?"

ನಗುತ್ತಲೇ ಸಲಿಕೆಯಲ್ಲಿ ಕೆಂಡ ತೆಗೆದ. ಆದರೆ ಕೊಡುವ ಮುಂಚೆ ಸಲಿಕೆಯ ಹಿಡಿಯನ್ನು ಕಣ್ಣಿಗೊತ್ತಿಕೊಂಡ. ಆಗ ನೋಡಿದೆ, ಆ ಬೆಂಕಿಯ ಬಾಗಿಲ ಪಕ್ಕದ ಕಬ್ಬಿಣಕ್ಕೆ ಕುಂಕುಮ ಇಟ್ಟಿದ್ದರು. ಒಣಗಿದ ನಿಂಬೆಹಣ್ಣೊಂದು ತಂತಿಯಲ್ಲಿ ನೇತಾಡುತ್ತಿತ್ತು. ಎಲ್ಲರೂ ಒಂದೇ ಜಾತಿಯ ಹುಚ್ಚರು ಎಂದು ಧೈರ್ಯ ಬಂತು.

ಮಡಕೆ ತಲೆಯ ಮೇಲೆ, ಬಿಸಿ ನೆತ್ತಿಗೆ. ದಾರಿಯಲ್ಲಿ ಆಗಾಗ ಇಳಿಸಿ ಊದುತ್ತಾ ಮನೆಗೆ ಬಂದು ಬೆರಣಿಗೆ ಹೊತ್ತಿಸಿದೆ. ಹೊತ್ತಿತು. ಆದರೆ ಕಲ್ಲಿದ್ದಲಿನ ನಾತ ಮನೆಯೆಲ್ಲ ತುಂಬಿತು. ಬಾಗಿಲು ತೆರೆದೆ, ಬೇವಿನ ಸೊಪ್ಪು ಬೀಸಿದೆ. ಊಹೂಂ.

ಸಂಜೆ ಅತ್ತೆ ಬಂದಳು. ಹೆಣ್ಣು ಮಗು, ತಾಯಿ ಮಗು ಸುಖ ಎನ್ನುತ್ತಲೇ ಹೊಸ್ತಿಲು ದಾಟಿದವಳು ಮೂಗೆತ್ತಿ ನಿಂತಳು.

"ಏನಿದು ವಾಸನೆ?"

ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ, ಅಷ್ಟು ಬುದ್ಧಿಯೂ ಇಲ್ಲ. ನೀರು ಹಾಕಿದ್ದು, ಹೂವಿಟ್ಟದ್ದು, ಮೂರು ಮನೆ ತಿರುಗಿದ್ದು, ರೈಲು, ಎಲ್ಲ ಹೇಳಿದೆ. ಅಷ್ಟರಲ್ಲಿ ಅಕ್ಕಯ್ಯಮ್ಮ ತಮಾಷೆ ನೋಡಲು ಬಂದು ಬಾಗಿಲಿಗೆ ಒರಗಿ ಅತ್ತೆಯನ್ನು ಕೇಳಿದಳು.

"ಅಲ್ಲಾ ಮುನಿಯಕ್ಕ, ಆ ರೈಲಿಗೆ ಮನೆದೇವ್ರು ಯಾವ್ದಂತೆ?"

"ಅದಕ್ಕೂ ಕುಂಕುಮ ಇಟ್ಟವ್ರೆ. ನಾನೇ ನೋಡಿದೀನಿ" ಎಂದೆ.

ಅತ್ತೆ ನನ್ನನ್ನು ನೋಡಿದಳು, ಒಲೆಯನ್ನು ನೋಡಿದಳು. ಕಾಲು ತೊಳೆದು ಬಂದು ತಾನೇ ಮುದ್ದೆ ತಿರುವಿದಳು. ಮೊದಲ ತುತ್ತು ಮುರಿದು, ತುಪ್ಪ ಮುಟ್ಟಿಸಿ, ಕೆಂಡದ ಮೇಲೆ ಇಟ್ಟಳು. ನಾವು ಮೂವರೂ ಬಗ್ಗಿ ನೋಡಿದೆವು. ತುತ್ತು ಸುಮ್ಮನಿತ್ತು. ಆಮೇಲೆ ತುಪ್ಪ ಚುರ್ ಎಂದು, ಒಂದು ಉರಿ ನಾಲಿಗೆ ಎದ್ದು, ತುತ್ತನ್ನು ಸುತ್ತಿಕೊಂಡಿತು.

"ತಿಂತು" ಎಂದಳು ಅತ್ತೆ. "ನಮ್ಮನೆ ಮುದ್ದೆ ತಿಂದ್ಮೇಲೆ ನಮ್ಮನೇದು. ಆಯ್ತಲ್ಲ?"

"ಎಲ್ಲಿಂದ್ಲೋ ಬಂದದ್ದು..." ಎಂದು ಅಕ್ಕಯ್ಯಮ್ಮ ರಾಗ ಎಳೆದಳು.

"ನೀನು ಚಿಂತಾಮಣಿಯಿಂದ ಬಂದೆ, ಇವಳು ಹೊಳೆಯಿಂದ ಬಂದ್ಳು, ನಾನು ಪೆನುಗೊಂಡೆ ಕಡೆಯವ್ಳು. ಈ ಊರಾಗೆ ಹುಟ್ಟಿದ್ದು ಗಂಡಸ್ರು ಮಾತ್ರ ಕಣೇ. ನಡಿ, ನಿಮ್ಮನೆ ದೀಪ ಹಚ್ಚು."

ಆಮೇಲೆ ನನ್ನ ಕಡೆ ತಿರುಗಿದಳು. ನಾನು ಹೊಗಳಿಕೆಗೆ ಕಾಯುತ್ತಿದ್ದೆ. "ಒಲೆಗೆ ನೀರು ಹಾಕ್ತಾರಂತೆ! ನಿಮ್ಮೂರಾಗೆ ಎಮ್ಮೆಗೂ ಬುದ್ಧಿ ಇರಾಕಿಲ್ಲ" ಎಂದು ಉಗಿದಳು. ಊಟವಾದ ಮೇಲೆ ಬೂದಿಯ ಚಿಪ್ಪನ್ನು ನನ್ನ ಕಡೆ ತಳ್ಳಿ, "ನೀನೇ ಮಲಗ್ಸು. ತಪ್ಪು ಮಾಡ್ದವ್ಳೇ ಕಲೀಬೇಕು" ಎಂದಳು. ಅಂದಿನಿಂದ ಆ ಒಲೆ ನನ್ನದು.

ಈಗ ಗ್ಯಾಸಿನ ಒಲೆ ಬಂದಿದೆ. ಅದಕ್ಕೂ ಮೊದಲ ತುತ್ತು ತೋರಿಸುತ್ತೇನೆ, ಸೊಸೆ ಬೈಯುತ್ತಾಳೆ. ಹೊಳೆದಂಡೆಗೆ ಹೋದಾಗ ನೀವು ನನ್ನನ್ನು ಬೆಟ್ಟದ ಸೀಮೆಯವಳು ಎನ್ನುತ್ತೀರಿ; ಇಲ್ಲಿಯವರು ಅರವತ್ತು ವರ್ಷವಾದರೂ ಹೊಳೆಯವಳು ಎಂದೇ ಕರೆಯುತ್ತಾರೆ. ಅಲ್ಲಿದ್ದಾಗ ರಾತ್ರಿ ಕೈ ಬೂದಿ ಹುಡುಕುತ್ತದೆ. ಇಲ್ಲಿದ್ದಾಗ ಬೆಳಿಗ್ಗೆ ಕಾಲು ನೀರು ಹುಡುಕುತ್ತದೆ. ಇರಲಿ. ಎರಡು ಕಡೆ ಬೈಸಿಕೊಳ್ಳುವವಳಿಗೆ ಎರಡು ಕಡೆ ಮನೆ ಇದೆ ಎಂದೇ ಅರ್ಥ.

ರೈಲಿನ ಬೆಂಕಿ ತಂದ ಮರುದಿನ, ಶನಿವಾರ ಬೆಳಿಗ್ಗೆ, ನಾನು ಅತ್ತೆಗಿಂತ ಮೊದಲು ಎದ್ದೆ. ಬಾವಿಯಿಂದ ಒಂದು ಚೆಂಬು ನೀರು ಸೇದಿ, ನಮ್ಮ ಹೊಳೆ ಇರುವ ತೆಂಕಣ ದಿಕ್ಕಿಗೆ ತಿರುಗಿ ಮೂರು ಬೊಗಸೆ ಬಿಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಯಾರಿಗದು?"

"ನಮ್ಮೂರ ಹೊಳೆಗೆ."

"ಇಲ್ಲಿಂದ ತಲುಪ್ತದಾ?"

"ಹಿಂದೂಪುರಕ್ಕೆ ಹೋಗೋ ಬೆಂಕಿ ನಮ್ಮನೆಗೆ ಬರ್ಲಿಲ್ವಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದಳು. ನಾನು ಒಲೆಯ ಮುಂದೆ ಕೂತು ಬೂದಿ ಸರಿಸಿ, "ಲೇ ತಲ್ಲೀ, ತೆಲ್ಲಾರಿಂದಿ" ಎಂದೆ. ಕೆಂಡ ಕಣ್ಣು ಬಿಟ್ಟಿತು. ಆಗಲೇ ಬಾಗಿಲಲ್ಲಿ ಅಕ್ಕಯ್ಯಮ್ಮ, ಕೈಯಲ್ಲಿ ಬೆರಣಿ. ರಾತ್ರಿ ಅವರ ಒಲೆಯಲ್ಲಿ ಬೆಕ್ಕು ಮಲಗಿ ಬೂದಿಯನ್ನೆಲ್ಲ ಕೆದಕಿಬಿಟ್ಟಿತ್ತಂತೆ. ಮುಖ ನೋಡದೆ ಬೆರಣಿ ಚಾಚಿದಳು. ನಾನು ಎರಡು ಕೆಂಡ ಆರಿಸಿ ಅದರ ಮೇಲಿಟ್ಟೆ.

"ಒಂದಿಷ್ಟು ವಾಸನೆ ಬರುತ್ತಕ್ಕ," ಎಂದೆ. "ಮೊದ್ಲು ಒಂದು ತುತ್ತು ಹಾಕು. ನಿಮ್ಮನೇದಾಗುತ್ತೆ."