ಕೋರ್ಟಿನಿಂದ ಶಿವಕ್ಕ ತರಿಸಿದ ಪ್ರತಿ

ಲಂಡನ್ನಿನ ಕಿಂಗ್ಸ್‌ಬರಿಯ ಕನ್ನಡದವರಲ್ಲಿ ಯಾರಿಗೆ ಸರ್ಕಾರಿ ಫಾರಂ ತುಂಬುವ ಕಷ್ಟ ಬಂದರೂ ಅವರು ನನ್ನ ಮನೆಯ ಗಂಟೆ ಒತ್ತುತ್ತಾರೆ. ಮೂವತ್ತೊಂದು ವರ್ಷ ಆಸ್ಪತ್ರೆಯ ಫಾರ್ಮಸಿಯಲ್ಲಿ ಡಾಕ್ಟರುಗಳ ಕೈಬರಹ ಓದಿ ನಿವೃತ್ತನಾದ ಮುಕುಂದನಿಗೆ ಯಾವ ಕಾಗದವೂ ಕಷ್ಟವಲ್ಲ ಎಂಬುದು ಜನರ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು. ನನ್ನ ಹೆಂಡತಿ ಕಲ್ಯಾಣಿ ಮಾತ್ರ "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಹಂಗಿಸುತ್ತಾಳೆ. ನಮ್ಮ ಮನೆಯ ಕೌನ್ಸಿಲ್ ಪತ್ರಗಳು ಒಡೆಯದೆ ಫ್ರಿಜ್ಜಿನ ಮೇಲೆ ಬಿದ್ದಿರುವುದರಿಂದ ನಾನು ಎದುರಾಡುವುದಿಲ್ಲ.

ಈ ನನ್ನ ಹೆಮ್ಮೆಗೆ ಪೆಟ್ಟು ಕೊಟ್ಟವರು ಶಿವಕ್ಕ. ಅದೂ ಒಂದೇ ಒಂದು ಸುಳ್ಳು ಹೇಳದೆ.

ಶಿವಕ್ಕ ವಿಜಯಪುರ ಕಡೆಯವರು, ವಯಸ್ಸು ಐವತ್ತಾರು. ನಾನಿದ್ದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಆಪರೇಷನ್ ಸಾಮಾನುಗಳನ್ನು ತೊಳೆದು, ಹಬೆಯಲ್ಲಿ ಶುದ್ಧ ಮಾಡಿ, ಟ್ರೇಗಳಲ್ಲಿ ಜೋಡಿಸಿ ಮೇಲಕ್ಕೆ ಕಳಿಸುವ ವಿಭಾಗದಲ್ಲಿ ಈಗಲೂ ಕೆಲಸ ಮಾಡುತ್ತಾರೆ. ಪ್ರತಿ ಟ್ರೇಗೂ ಒಂದು ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಹನ್ನೆರಡು ಇಕ್ಕಳ ಅಂತಿದ್ದು ಕೈಗೆ ಹನ್ನೊಂದು ಸಿಕ್ಕಿದರೆ ಶಿವಕ್ಕನ ಟ್ರೇ ಮೇಲೆ ಹೋಗುವುದಿಲ್ಲ. ಒಮ್ಮೆ ದೊಡ್ಡ ಸರ್ಜನ್ ಒಬ್ಬರು ತಾವೇ ಲಿಫ್ಟಿನಲ್ಲಿ ಇಳಿದು ಬಂದು ಕೂಗಾಡಿದಾಗ ಈಕೆ ಅಲುಗದೆ ನಿಂತು, ಹನ್ನೆರಡನೆಯದು ಸಿಗುವವರೆಗೆ ಅವರಿಗೆ ಕುರ್ಚಿ ಹಾಕಿ ಕೂರಿಸಿದ್ದರಂತೆ. ಇಂಥವರ ಬದುಕಿನಲ್ಲಿ ಒಂದು ಮುಖ್ಯ ಕಾಗದ ಕಾಣೆಯಾಗಿತ್ತು.

ಆ ಕಾಗದ ಬೇಕಾದದ್ದು ನಿಜಲಿಂಗಪ್ಪನವರಿಂದಾಗಿ. ಅವರು ಕಲಬುರಗಿಯವರು. ಇಲ್ಫರ್ಡ್‌ನಲ್ಲಿ ಮನೆ, ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು, ಹೆಂಡತಿ ತೀರಿಕೊಂಡು ಆರು ವರ್ಷ. ಬಸವ ಜಯಂತಿಯ ಊಟದಲ್ಲಿ ಇಬ್ಬರಿಗೂ ಪರಿಚಯವಾಯಿತು. ಅಲ್ಲಿಂದಾಚೆ ಎರಡು ವರ್ಷ ಪ್ರತಿ ಭಾನುವಾರ ಆ ಮನುಷ್ಯ ಇಲ್ಫರ್ಡ್‌ನಿಂದ ಎರಡು ರೈಲು ಬದಲಿಸಿ, ಲಂಡನ್ನಿನ ಆ ತುದಿಯಿಂದ ಈ ತುದಿಗೆ ಬಂದು, ಶಿವಕ್ಕನ ಮನೆಯಲ್ಲಿ ಚಹಾ ಕುಡಿದು, ನಲ್ಲಿಯನ್ನೋ ಕದದ ಕೀಲನ್ನೋ ರಿಪೇರಿ ಮಾಡಿ ಹೋಗುತ್ತಿದ್ದರು. ರಿಪೇರಿಗೆ ಏನೂ ಉಳಿಯದೆ ಹೋದ ಮೇಲೆ ಮದುವೆಯ ಮಾತೆತ್ತಿದರು.

ರಿಜಿಸ್ಟರ್ ಆಫೀಸಿನಲ್ಲಿ ಮದುವೆಗೆ ನೋಟಿಸ್ ಕೊಡಬೇಕಾದರೆ ಹಿಂದಿನ ಮದುವೆ ಮುಗಿದದ್ದಕ್ಕೆ ಪುರಾವೆ ತೋರಿಸಬೇಕು. ನಿಜಲಿಂಗಪ್ಪನವರ ಬಳಿ ಹೆಂಡತಿಯ ಮರಣ ಪತ್ರವಿತ್ತು. ಶಿವಕ್ಕನಿಗೆ ಡಿವೋರ್ಸಿನ ಕೊನೆಯ ತೀರ್ಪು ಬೇಕಿತ್ತು. ಅದು ಇಪ್ಪತ್ತಾರು ವರ್ಷದಿಂದ ಈ ದೇಶದಲ್ಲೇ ಇರುವ ಅಣ್ಣ ಅಡಿವೆಪ್ಪನವರ ಹತ್ತಿರ ಇದೆ ಎಂದು ಅವರು ನಂಬಿದ್ದರು. ಕೇಳಿದರೆ ಅಣ್ಣ, ಮನೆ ಬದಲಿಸುವಾಗ ಎಲ್ಲೋ ಕಳೆದುಹೋಯಿತು ಅಂದುಬಿಟ್ಟರು. ನೋಟಿಸಿನ ಅಪಾಯಿಂಟ್‌ಮೆಂಟ್ ಮೇ ತಿಂಗಳ ಎರಡನೆಯ ವಾರಕ್ಕೆ ಇತ್ತು. ಕೆನಡಾದಲ್ಲಿರುವ ನಿಜಲಿಂಗಪ್ಪನವರ ಮಗಳು ಸ್ಫೂರ್ತಿ ಮದುವೆಗೆಂದು ಜೂನ್ ಕೊನೆಯ ವಾರಕ್ಕೆ ಟಿಕೆಟ್ ತೆಗೆದಾಗಿತ್ತು.

ಇನ್ನೊಂದು ಸಂಗತಿ ಹೇಳಬೇಕು. ನಿಜಲಿಂಗಪ್ಪನವರ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಈ ಸಂಬಂಧಕ್ಕೆ ಒಪ್ಪಿದ್ದರು. ಆದರೆ ಆ ಒಪ್ಪಿಗೆಯ ಮಾತು ಕಿವಿಯಿಂದ ಕೇಳುವ ಹಾಗಿರಲಿಲ್ಲ. ಯುಗಾದಿ ಊಟದ ಪಂಕ್ತಿಯಲ್ಲಿ, ಶಿವಕ್ಕ ಹೋಳಿಗೆ ಬಡಿಸುತ್ತಿದ್ದಾಗಲೇ, ಪಕ್ಕದವರಿಗೆ ಹೇಳಿದರು: "ಪಾಪ, ಗಂಡ ಬಿಟ್ಟಾಕಿ. ನಮ್ಮ ಮೈದುನನ ಕಡಿಂದ ಆಕಿಗೂ ಒಂದ ಆಸರ ಆಗ್ಲಿ ಬಿಡ್ರಿ."

ನಾನು ಎದುರು ಸಾಲಿನಲ್ಲಿದ್ದೆ. ನನಗೆ ಮೈ ಉರಿಯಿತು. ಶಿವಕ್ಕ ಅತ್ತಿಗೆಗೂ ಎರಡು ಹೋಳಿಗೆ ಹಾಕಿ ಮುಂದೆ ಹೋದರು. ಆಮೇಲೆ ನಾನು ಕೇಳಿದ್ದಕ್ಕೆ, "ಖರೇನ ಅಲ್ರಿ ಸರ. ಅಂವಾ ಬಿಟ್ಟ. ಮಂದಿ ಬಾಯಿಗೆ ಬೀಗ ಹಾಕಾಕ ಆಗತೈತೇನು?" ಎಂದಷ್ಟೇ ಅಂದರು.

ಏಪ್ರಿಲ್ ಮೊದಲ ಶನಿವಾರ ನಮ್ಮ ಊಟದ ಮೇಜಿನ ಮೇಲೆ ಅರ್ಜಿ ಬಿಡಿಸಿಕೊಂಡು ಕೂತೆವು. ಯಾವ ಕೋರ್ಟು, ಕೇಸಿನ ನಂಬರು ಎಷ್ಟು ಎಂದು ಗೊತ್ತಿದ್ದರೆ ಆ ಕೋರ್ಟಿಗೇ ಬರೆದು ಪ್ರತಿ ತರಿಸಬಹುದು. ಶಿವಕ್ಕನಿಗೆ ಎರಡೂ ಗೊತ್ತಿರಲಿಲ್ಲ. ಅಂಥವರಿಗಾಗಿ ಹೋಲ್ಬರ್ನ್‌ನಲ್ಲಿರುವ ಸೆಂಟ್ರಲ್ ಫ್ಯಾಮಿಲಿ ಕೋರ್ಟಿನಲ್ಲಿ ದೇಶದ ಎಲ್ಲ ಡಿವೋರ್ಸುಗಳ ಪಟ್ಟಿ ಇದೆ. ಗಂಡ ಹೆಂಡತಿಯರ ಹೆಸರು, ಸುಮಾರು ಯಾವ ವರ್ಷ ಎಂದು ಬರೆದು ಅಂಚೆಯಲ್ಲಿ ಹಾಕಿದರೆ ಅವರು ಹತ್ತು ವರ್ಷದ ಅವಧಿಯನ್ನು ಹುಡುಕಿ, ಸಿಕ್ಕಿದರೆ ಪ್ರತಿ ಕಳಿಸುತ್ತಾರೆ.

ಗಂಡನ ಹೆಸರು ಬರೆದೆ. ಆ ಮನುಷ್ಯನ ಹೆಸರನ್ನು ಇಲ್ಲಿ ಬರೆಯುವ ಉತ್ಸಾಹ ನನಗಿಲ್ಲ. ಲಂಡನ್ನಿನ ಪಕ್ಕದ ಸ್ಲೌನಲ್ಲಿ ಇನ್ನೊಂದು ಸಂಸಾರ ಇಟ್ಟುಕೊಂಡು, ವಾರಕ್ಕೊಮ್ಮೆ ಒಗೆಯುವ ಬಟ್ಟೆಯ ಚೀಲ ಹಿಡಿದು ಶಿವಕ್ಕ ಇದ್ದ ಮನೆಗೆ ಬರುತ್ತಿದ್ದವನು ಅಂದರೆ ಸಾಕು. ಆಮೇಲೆ ಹೆಂಡತಿಯ ಹೆಸರು.

"ಮದುವೆಗೆ ಮುಂಚಿನ ಹೆಸರು ಏನಿತ್ತು, ಶಿವಕ್ಕ?"

"ಶಿವಕ್ಕಾನ ರೀ."

"ಅಡ್ಡಹೆಸರು?"

ತವರಿನ ಅಡ್ಡಹೆಸರು ಹೇಳಿದರು. ಆಮೇಲೆ ಗಂಡನ ಅಡ್ಡಹೆಸರು. ನಾನು ಎರಡನ್ನೂ ದುಂಡಗೆ ಬರೆದು, ಸಹಿ ಹಾಕಿಸಿ, ಸೋಮವಾರ ರಿಜಿಸ್ಟರ್ಡ್ ಅಂಚೆಗೆ ಹಾಕಿದೆ. ಇದೇನು ಮಹಾ ಕೆಲಸ ಎಂದು ಕಲ್ಯಾಣಿಯ ಎದುರು ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ.

ಎರಡು ವಾರ ಕಳೆದು ಒಂದೇ ಹಾಳೆಯ ಉತ್ತರ ಬಂತು. ಈ ಹೆಸರುಗಳಲ್ಲಿ, ಈ ಅವಧಿಯಲ್ಲಿ ಯಾವ ದಾಖಲೆಯೂ ಸಿಕ್ಕಿಲ್ಲ.

ಶಿವಕ್ಕ ಆ ಹಾಳೆಯನ್ನು ಮೂರು ಸಲ ಓದಿದರು. ಚಳಿಯಿಲ್ಲದಿದ್ದರೂ ಕೋಟಿನ ಗುಂಡಿ ಹಾಕಿಕೊಂಡರು.

"ಅಂದ್ರ ನಾ ಇನ್ನೂ ಆ ಮನಿಯಾಕೀನ ಏನ್ರಿ ಸರ?"

ಈ ದೇಶದಲ್ಲಿ ಮೊದಲು ಬರುವ ತಾತ್ಕಾಲಿಕ ತೀರ್ಪನ್ನೇ ಡಿವೋರ್ಸ್ ಎಂದು ತಿಳಿದು, ಕೊನೆಯದಕ್ಕೆ ಅರ್ಜಿಯನ್ನೇ ಹಾಕದೆ ಕೂತವರನ್ನು ನಾನು ನೋಡಿದ್ದೇನೆ. ಹಾಗೇನಾದರೂ ಆಗಿದ್ದರೆ ಜೂನ್ ಅಲ್ಲ, ಮುಂದಿನ ಜೂನ್‌ಗೂ ಮದುವೆ ಅನುಮಾನ. ಅದನ್ನು ಅವರಿಗೆ ಹೇಳುವ ಧೈರ್ಯವಾಗದೆ, "ಹಳೆಯ ಕಾಗದ ಪತ್ರ ಏನಿದ್ದರೂ ತನ್ನಿ" ಎಂದು ಕಳಿಸಿಕೊಟ್ಟೆ.

ಮರುದಿನ ಡ್ಯೂಟಿ ಮುಗಿಸಿ ಪ್ಲಾಸ್ಟಿಕ್ ಚೀಲವೊಂದನ್ನು ತಂದರು. ಅದರಲ್ಲಿ ರದ್ದಾಗಿ ಮೂಲೆ ಕತ್ತರಿಸಿದ ಹಳೆಯ ಪಾಸ್‌ಪೋರ್ಟ್ ಇತ್ತು. ತೆರೆದು ನೋಡಿದರೆ ಫೋಟೋ ಶಿವಕ್ಕನದೇ. ಎರಡು ಜಡೆಯ, ಇಪ್ಪತ್ತಮೂರರ ಶಿವಕ್ಕ. ಹೆಸರು ಮಾತ್ರ ವೈಜಯಂತಿ.

"ಯಾರಿದು ವೈಜಯಂತಿ?"

"ನಾನ ರೀ. ನಮ್ಮ ಕಡೆ ಮದುವ್ಯಾಗ ಗಂಡನ ಮನ್ಯಾವರು ಹೆಸರು ಬದಲಿ ಮಾಡತಾರಲ್ಲ. ತಾಟಿನಾಗ ಅಕ್ಕಿ ಹರವಿ, ಉಂಗುರಲೆ ಬರಸ್ತಾರ. ಶಿವಕ್ಕ ಅಂದ್ರ ಹಳೀ ಕಾಲದ ಹೆಸರಾತು ಅಂತ ವೈಜಯಂತಿ ಇಟ್ರು. ಹೊರಗ ಬಂದ ಮ್ಯಾಲೆ ನಾ ಕಾಗದಾ ಮಾಡಿಸಿ ಮತ್ತ ಶಿವಕ್ಕ ಆದೆ."

"ಮೊನ್ನೆ ಯಾಕೆ ಹೇಳಲಿಲ್ಲ?"

"ನೀವು ಮದುವಿಗಿಂತ ಮುಂಚಿನ ಹೆಸರು ಕೇಳಿದ್ರಿ. ಮದುವಿ ಆದ ಮ್ಯಾಲಿಂದು ಕೇಳಲಿಲ್ಲಲ್ರಿ."

ತಪ್ಪು ಪೂರ್ತಿ ನನ್ನದು. ಮೈಸೂರಿನ ನಮ್ಮ ಮನೆಗಳಲ್ಲಿ ಮದುವೆಯಾದರೆ ಹೆಣ್ಣಿನ ಹೆಸರಿನ ಬಾಲ ಬದಲಾಗುತ್ತದೆ, ಹೆಸರು ಹಾಗೇ ಇರುತ್ತದೆ. ಲೋಕವೆಲ್ಲ ಹಾಗೇ ಎಂದುಕೊಂಡು, ಮದುವೆಯಾದ ಮೇಲೆ ಏನೆಂದು ಕರೆದರು ಎಂದು ಕೇಳದೆ, ಫಾರಂ ತುಂಬಿದ್ದೆ. ಕಲ್ಯಾಣಿ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಳು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿ ಇತ್ತು.

ಎರಡನೆಯ ಅರ್ಜಿಯನ್ನು ಶಿವಕ್ಕ ತಾವೇ ಬರೆಯುತ್ತೇನೆ ಅಂದರು. ವೈಜಯಂತಿ ಎಂದು ಬರೆಯುವ ಜಾಗದಲ್ಲಿ ಪೆನ್ನು ನಿಂತಿತು. "ಇಪ್ಪತ್ತಾರು ವರ್ಷ ಆತು, ಈ ಹೆಸರು ಕೈಲೆ ಮುಟ್ಟಿಲ್ಲ" ಅಂದರು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ, ಚೌಕದ ಗೆರೆ ದಾಟದಂತೆ ಬರೆದು ಮುಗಿಸಿದರು. ನಾನು ಬೇರೆ ಕಡೆ ನೋಡುತ್ತಾ ಕೂತಿದ್ದೆ. ಆ ಹೊತ್ತಿಗೆ ಅವರನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಅಪಾಯಿಂಟ್‌ಮೆಂಟಿಗೆ ಎರಡು ದಿನ ಇರುವಾಗ, ಶನಿವಾರ ಬೆಳಿಗ್ಗೆ, ಲಕೋಟೆ ನಮ್ಮ ಬಾಗಿಲಿನ ಕಂಡಿಯಿಂದ ಬಿತ್ತು. ಉತ್ತರ ನನ್ನ ವಿಳಾಸಕ್ಕೇ ಬರಲಿ ಎಂದು ಶಿವಕ್ಕ ಅರ್ಜಿಯಲ್ಲಿ ಬರೆದಿದ್ದರು. ಒಡೆಯದೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಮನೆಯೊಳಗಿನ ಚಪ್ಪಲಿಯಲ್ಲೇ ಬಂದುಬಿಟ್ಟರು.

ಒಳಗೆ ತೀರ್ಪಿನ ಪ್ರತಿ ಇತ್ತು. ಕೋರ್ಟಿನ ಮೊಹರು, ಕೇಸಿನ ನಂಬರು, ತಾರೀಕು, ಎಲ್ಲ ಸರಿಯಾಗಿತ್ತು. ನನಗೆ ಉಸಿರು ಬಂತು. ಶಿವಕ್ಕ ಮಾತ್ರ ಟ್ರೇ ಪಟ್ಟಿ ಓದುವವರ ಹಾಗೆ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ಬೆರಳು ಮೇಲಿನ ಸಾಲಿಗೇ ವಾಪಸ್ ಹೋಯಿತು.

"ಸರ, ಪಿಟಿಷನರ್ ಅಂದ್ರ ಯಾರು?"

"ಡಿವೋರ್ಸ್ ಬೇಕು ಅಂತ ಅರ್ಜಿ ಹಾಕಿದವರು."

"ಅಲ್ಲಿ ನನ್ನ ಹೆಸರು ಐತಿ."

ನಾನು ನೋಡಿದೆ. ಪಿಟಿಷನರ್ ವೈಜಯಂತಿ. ಪ್ರತಿವಾದಿ ಆ ಮನುಷ್ಯ. ಸಂಶಯಕ್ಕೆ ಎಡೆಯೇ ಇಲ್ಲ.

ಶಿವಕ್ಕ ಅಲ್ಲೇ ಅಡಿವೆಪ್ಪನವರಿಗೆ ಫೋನ್ ಹಚ್ಚಿ, ನಮ್ಮೆದುರೇ ಸ್ಪೀಕರ್‌ಗೆ ಹಾಕಿದರು. "ಅಣ್ಣಾ, ಕಾಗದಾ ಬಂತು. ಅರ್ಜಿ ನಾ ಹಾಕೀನಿ ಅಂತ ಐತಿ" ಅಂದರು.

"ಹೌದವಾ," ಎಂದರು ಅಡಿವೆಪ್ಪ. "ನೀ ಒಂದಿನ ಬಂದು, ನನಗ ಈ ಬಾಳೇವು ಬ್ಯಾಡ ಅಂದಿದ್ದಿ ನೋಡು, ಅವತ್ತ ವಕೀಲರ ಹತ್ರ ಹೋದೆ. ನಿನಗ ಸಹಿ ಮಾಡು ಅಂದೆ, ಮಾಡಿದಿ. ಹೆಣ್ಣಮಗಳು ತಾನ ಕೋರ್ಟಿಗೆ ಹೋದಳು ಅಂದ್ರ ಊರಾಗ ಅವ್ವ ತಲಿ ಎತ್ತಿ ಅಡ್ಡಾಡಾಕ ಆಗತಿರಲಿಲ್ಲ. ಅದಕ್ಕ ಅಂವಾನ ಕಾಗದಾ ಕಳಸ್ಯಾನ ಅಂತ ಹೇಳಿದೆ. ಊರಿಗೂ ಹೇಳಿದೆ, ನಿನಗೂ ಹೇಳಿದೆ. ಆಮ್ಯಾಲೆ ಆ ಕಾಗದಾ ನಿನ್ನ ಕೈಗೆ ಕೊಡಾಕ ಧೈರ್ಯ ಬರಲಿಲ್ಲ. ಹರದು ಒಗದೆ."

ಶಿವಕ್ಕ ಬೈಯುತ್ತಾರೆಂದು ನಾನು ಕಾದೆ. ನಾನಾಗಿದ್ದರೆ ಬೈಯುತ್ತಿದ್ದೆ. ಅವರು, "ಆತು, ಊಟಾ ಮಾಡು ಹೋಗು" ಎಂದು ಫೋನ್ ಇಟ್ಟರು. ಕಲ್ಯಾಣಿ ತಂದಿಟ್ಟ ಕಾಫಿಯನ್ನು ಪೂರ್ತಿ ಕುಡಿದರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು:

"ಬ್ಯಾಡ ಅಂದಿದ್ದೆ ರೀ ಸರ. ಖರೇನ ಅಂದಿದ್ದೆ. ನನ್ನ ಮಾತು ನಡೀಲಿಲ್ಲ, ಅಂವಾನ ಬಿಟ್ಟ ಅಂತ ಇಷ್ಟ ದಿನಾ ತಿಳ್ಕೊಂಡಿದ್ದೆ."

ಮರುದಿನ ಭಾನುವಾರ. ನಿಜಲಿಂಗಪ್ಪನವರು ಎಂದಿನಂತೆ ಬಂದರು. ಶಿವಕ್ಕ ಅವರನ್ನು ನೇರ ನಮ್ಮ ಮನೆಗೇ ಕರೆತಂದರು. ಸಾಕ್ಷಿಗೆ ಜನ ಬೇಕಿತ್ತೇನೋ. ಶಿವಕ್ಕನ ಮುಖ ನೋಡಿದರೆ ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ಕಾಗದವನ್ನು ನಿಜಲಿಂಗಪ್ಪನವರ ಮುಂದಿಟ್ಟು, ನಿಂತೇ ಹೇಳಿದರು:

"ನೋಡ್ರಿ, ನಾಳೆ ನೋಟಿಸ್ ಕೊಡೂಕಿಂತ ಮೊದಲ ನಿಮಗ ಗೊತ್ತಿರಬೇಕು. ನಿಮ್ಮ ಅತ್ತಿಗಿ ನನ್ನ ಗಂಡ ಬಿಟ್ಟಾಕಿ ಅಂತ ತಿಳ್ಕೊಂಡಾರ. ಪಾಪ ಅಂತ ಒಪ್ಯಾರ. ನಾ ಗಂಡ ಬಿಟ್ಟಾಕಿ ಅಲ್ಲ. ಗಂಡನ್ನ ನಾನ ಬಿಟ್ಟೀನಿ. ಕೋರ್ಟಿನಾಗ ಹಂಗ ಬರದೈತಿ. ಇದಕ್ಕ ನಿಮ್ಮ ಮನ್ಯಾಗ ಬ್ಯಾಡ ಅನ್ನೂದಿದ್ರ ಇವತ್ತ ಅಂದಬಿಡ್ರಿ."

ನಿಜಲಿಂಗಪ್ಪನವರು ಕನ್ನಡಕ ಹಾಕಿಕೊಂಡು ಕಾಗದವನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಮಡಿಕೆ ಇದ್ದಲ್ಲೇ ಮತ್ತೆ ಮಡಿಸಿ, ಲಕೋಟೆಗೆ ಹಾಕಿ, ಶಿವಕ್ಕನ ಕೈಗೇ ಕೊಟ್ಟರು.

"ಅತ್ತಿಗಿಗೆ ನಾ ಹೇಳತೀನಿ," ಅಂದರು. "ನಾ ಮಾತ್ರ ಇನ್ನ ಸ್ವಲ್ಪ ಹುಷಾರಾಗಿ ಇರಬೇಕಾತು."

ಶಿವಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಇರಬೇಕ್ರಿ," ಅಂದರು.