ಹಳೆ ಕಂಪ್ಯೂಟರಿಗೆ ಮಡಿಲು ತುಂಬಿದ್ದು

೧೯೭೪ರ ಮಾತು. ಆಗ ನಾವು ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿದ್ದೆವು. ಮೈಸೂರಿನಲ್ಲಿ ಗಣಿತ ಎಂ.ಎಸ್‌ಸಿ. ಮಾಡಿದ್ದ ನನಗೆ ಮನೆಗೆ ಹತ್ತಿರದ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಮರ್ ಕೆಲಸ ಸಿಕ್ಕಿತ್ತು. ಸೀರೆಯುಟ್ಟು ಕಂಪ್ಯೂಟರ್ ರೂಮಿಗೆ ಹೋಗುವವಳು ಆ ಊರಿಗೆಲ್ಲ ನಾನೊಬ್ಬಳೇ ಇದ್ದಿರಬೇಕು. ನಮ್ಮ ಕಂಪನಿ ಕಷ್ಟದ ಲೆಕ್ಕಗಳನ್ನು ಬಿಡಿಸುವ ಸಿದ್ಧ ಪ್ರೋಗ್ರಾಮುಗಳನ್ನು ಬರೆದು, ರಂಧ್ರ ಹಾಕಿದ ಕಾರ್ಡುಗಳ ಕಟ್ಟು ಮಾಡಿ ಮಾರುತ್ತಿತ್ತು. ಅದಕ್ಕೆ ಲೈಬ್ರರಿ ಎಂದು ಹೆಸರು. ಪುಸ್ತಕವೇ ಇಲ್ಲದ ಲೈಬ್ರರಿ!

ಈ ಲೈಬ್ರರಿ ಎರಡು ಬಗೆಯ ಯಂತ್ರಗಳ ಮೇಲೆ ಓಡಬೇಕಿತ್ತು. ಹೊಸದು ಬಲು ಚುರುಕು. ಹಳೆಯದರ ತಯಾರಿಕೆಯೇ ನಿಂತುಹೋಗಿತ್ತು. ಹೊಸದಕ್ಕೆ ಒಂದು ದಿನದಲ್ಲಿ ಬರೆದದ್ದನ್ನು ಹಳೆಯದರ ಪುಟ್ಟ ಮೆಮೊರಿಯಲ್ಲಿ ತುರುಕಲು ವಾರಗಟ್ಟಲೆ ಹೆಣಗಬೇಕಿತ್ತು. ಆ ಹೆಣಗಾಟ ನನ್ನ ಪಾಲಿಗೇ ಬಂದಿತ್ತು.

ಒಂದು ದಿನ ನಮ್ಮ ಬಾಸ್ ಫ್ರ್ಯಾಂಕ್ ನನ್ನನ್ನು ಕರೆದು, "ಹಳೆ ಮಷೀನಿಗೆ ಸಪೋರ್ಟ್ ಯಾವಾಗ ನಿಲ್ಲಿಸಬೇಕು, ನೀನೇ ಹೇಳು," ಎಂದರು. ಇವತ್ತೇ ಎನ್ನಲು ಬಾಯಿ ತೆರೆದೆ. "ಅದನ್ನು ಬಳಸುವವರು ಒಬ್ಬರೇ ಉಳಿದಿದ್ದಾರೆ, ಹಿಕ್ಸ್‌ವಿಲ್‌ನಲ್ಲಿ. ಮೊದಲು ಹೋಗಿ ನೋಡಿ ಬಾ," ಎಂದರು.

ಶನಿವಾರ ಯಜಮಾನರು ಡ್ರೈವ್ ಮಾಡಿಕೊಂಡು ಕರೆದುಕೊಂಡು ಹೋದರು. ಅದೊಂದು ಕನ್ನಡಕದ ಕಾರ್ಖಾನೆ. ಮುಂದೆ ಅಂಗಡಿ, ಹಿಂದೆ ಗಾಜು ಉಜ್ಜುವ ಯಂತ್ರಗಳು, ಮೂಲೆಯಲ್ಲಿ ಗುರ್ರೆನ್ನುವ ಆ ಹಳೆ ಕಂಪ್ಯೂಟರ್. ಒಡತಿ ಡೊರೋತಿ, ಐವತ್ತರ ಆಸುಪಾಸಿನ ದಪ್ಪ ಹೆಂಗಸು, ಬಾಯಿ ಸ್ವಲ್ಪ ಜೋರು. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಆಗ ದಪ್ಪ ಗಾಜಿನ ಕನ್ನಡಕವೇ ಗತಿ. ಒಬ್ಬೊಬ್ಬರ ಗಾಜಿಗೂ ಬೇರೆ ಬೇರೆ ಲೆಕ್ಕ; ಅದನ್ನು ಮಾಡುತ್ತಿದ್ದುದು ನಮ್ಮ ಪ್ರೋಗ್ರಾಮು. ನಾವಿದ್ದಾಗಲೇ ಒಬ್ಬ ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು, ನನ್ನ ಸೀರೆಯ ಅಂಚನ್ನು ಹಿಡಿದು, "ಅಯ್ಯೋ, ಇದರಲ್ಲಿ ನವಿಲಿದೆ!" ಎಂದು ಕೂಗಿದರು.

"ಹೊಸ ಬಗೆಯ ಗಾಜು ಬಂದಾಗಲೆಲ್ಲ ಲೆಕ್ಕ ಎಡವುತ್ತೆ," ಎಂದರು ಡೊರೋತಿ. "ನಿಮಗೆ ಫೋನ್ ಮಾಡ್ತೀವಿ, ನೀವು ಸರಿಮಾಡಿದ ಕಾರ್ಡು ಕಳಿಸ್ತೀರಿ. ನೀವು ಕೈಬಿಟ್ಟರೆ ನಾವು ಬಾಗಿಲು ಹಾಕಬೇಕು. ಹೊಸ ಮಷೀನ್ ನಮ್ಮ ಕೈಗೆ ಎಟುಕೋದಲ್ಲ." ನಾನು ತಲೆ ತಗ್ಗಿಸಿಕೊಂಡು ಕಾಫಿ ಕುಡಿದೆ.

ವಾಪಸು ಬರುವಾಗ ಹಿಮ ಬೀಳುತ್ತಿತ್ತು. ಇದ್ದಕ್ಕಿದ್ದಂತೆ ಕೇಳಿದೆ: "ರೀ, ಮಗಳನ್ನ ಗಂಡನ ಮನೆಗೆ ಬರಿಮಡಿಲಲ್ಲಿ ಕಳಿಸ್ತೀವಾ?"

ಯಜಮಾನರು ಗಾಬರಿಯಾದರು. "ನಮಗಿನ್ನೂ ಮಗಳೇ ಹುಟ್ಟಿಲ್ವಲ್ಲೇ!"

"ಆ ಮಷೀನಿನ ವಿಷ್ಯ ಹೇಳ್ತಿರೋದು. ನಾವು ಮಾರೋದು ಮಷೀನಿಗೆ ಮಾತ್ರ ಅರ್ಥ ಆಗೋ ಕಾರ್ಡು. ನಾವು ಬರೆದ ಮೂಲ ಪ್ರೋಗ್ರಾಮನ್ನೇ ಡೊರೋತಿಗೆ ಕೊಟ್ಟು, ತಿದ್ದೋದು ಹೇಗೆ ಅಂತ ಕಲಿಸಿಬಿಟ್ಟರೆ?"

"ಕಂಪ್ಯೂಟರಿಗೆ ಮಡಿಲಕ್ಕಿ! ಫ್ರ್ಯಾಂಕ್ ಹತ್ರ ಹೀಗೇ ಹೇಳು, ಮೈಸೂರಿಗೆ ಟಿಕೆಟ್ ಅವನೇ ಬುಕ್ ಮಾಡ್ತಾನೆ."

ಫ್ರ್ಯಾಂಕ್ ಮೊದಲು ಹೌಹಾರಿದ್ದು ನಿಜ. ಮೂಲ ಕೊಡುವುದೆಂದರೆ ಕಂಪನಿಯ ಗುಟ್ಟನ್ನೇ ಕೊಟ್ಟಂತೆ. "ಆ ಮಷೀನೇ ಇನ್ನೆಲ್ಲೂ ಇಲ್ಲ, ಆ ಗುಟ್ಟು ಇಟ್ಟುಕೊಂಡು ಯಾರು ಏನು ಮಾಡ್ತಾರೆ?" ಎಂದೆ. ಪೆನ್ಸಿಲಿನಿಂದ ಮೇಜು ಕುಟ್ಟುತ್ತಾ, "ಸರಿ. ಸಪೋರ್ಟ್ ನಿಲ್ಲಿಸೋದು ಯಾವತ್ತು?" ಎಂದರು. "ಡೊರೋತಿ ತಾವೇ ಒಂದು ತಪ್ಪನ್ನು ಸರಿಮಾಡಿದ ದಿನ." ಅವರು ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ, "ಬೇಸಿಗೆ ಮುಗಿಯೋದರೊಳಗೆ ಆಗದಿದ್ದರೆ ನಾನೇ ನಿಲ್ಲಿಸ್ತೀನಿ," ಎಂದು ಖಡಾಖಂಡಿತವಾಗಿ ಹೇಳಿದರು.

ಅಲ್ಲಿಂದ ನನ್ನ ಶನಿವಾರಗಳೆಲ್ಲ ಹಿಕ್ಸ್‌ವಿಲ್‌ಗೆ ಮೀಸಲು. ಡೊರೋತಿ ಒಳ್ಳೆ ವಿದ್ಯಾರ್ಥಿಯೇನಲ್ಲ. ಸಿಟ್ಟು ಬಂದರೆ ಪೆನ್ಸಿಲ್ ಎಸೆಯುತ್ತಿದ್ದರು. ಒಮ್ಮೆ ಕಾರ್ಡಿನ ಕಟ್ಟನ್ನೇ ಬೀಳಿಸಿಬಿಟ್ಟರು. ಒಂದು ಕಾರ್ಡು ಹಿಂದೆಮುಂದಾದರೂ ಪ್ರೋಗ್ರಾಂ ಕೆಟ್ಟಂತೆಯೇ. ನಾನು, ಡೊರೋತಿ, ಕಾರಿನಲ್ಲಿ ಪೇಪರ್ ಓದುತ್ತಿದ್ದ ಯಜಮಾನರು, ಮೂವರೂ ಅಂಬೆಗಾಲಿಟ್ಟು ಕಾರ್ಡು ಹೆಕ್ಕಿದೆವು. ಆ ದಿನ ನಕ್ಕಷ್ಟು ನಾನು ಅಮೆರಿಕದಲ್ಲಿ ಅದುವರೆಗೂ ನಕ್ಕಿರಲಿಲ್ಲ.

ಬೇಸಿಗೆ ಮುಗಿಯುತ್ತಾ ಬಂತು. ಸದ್ಯ, ಹೊಸ ಬಗೆಯ ಗಾಜು ಬಂತು, ಲೆಕ್ಕ ಎಡವಿತು. ತಪ್ಪು ಎಲ್ಲಿದೆಯೆಂದು ನನಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಹೇಳಿಯೇ ಬಿಡುತ್ತಿದ್ದೆನೇನೋ. ಡೊರೋತಿ ಊಟವನ್ನೂ ಬಿಟ್ಟು ಸಾಲುಸಾಲಾಗಿ ಬೆರಳಿಟ್ಟು ಓದಿದರು, ಗೊಣಗಿದರು, ಒಂದೆರಡು ಕಾರ್ಡು ಬದಲಾಯಿಸಿದರು. ಯಂತ್ರ ಟಕಟಕನೆ ಉತ್ತರ ಅಚ್ಚು ಮಾಡಿತು. ಸರಿಯಾದ ಉತ್ತರ! ಅವರು ಕಿರುಚಿದ್ದಕ್ಕೆ ಗಾಜು ಉಜ್ಜುವವರೆಲ್ಲ ಓಡಿಬಂದರು.

ಮುಂದಿನ ಶನಿವಾರ ಅಕ್ಕಿ, ಬೆಲ್ಲ, ಸೂಪರ್‌ಮಾರ್ಕೆಟಿನ ತೆಂಗಿನಕಾಯಿ, ಒಂದು ರವಿಕೆ ಬಟ್ಟೆ ತೆಗೆದುಕೊಂಡು ಹೋದೆ. ಡೊರೋತಿಗೆ ಕುಂಕುಮ ಇಟ್ಟೆ. ಸೆರಗು ಎಲ್ಲಿಂದ ಬರಬೇಕು? ಗಾಜಿನ ಪುಡಿ ಕೊಡವಿ ಏಪ್ರನ್ನನ್ನೇ ಒಡ್ಡಿದರು. ಮಡಿಲು ತುಂಬಿ, ಅದುವರೆಗೆ ಪ್ರತಿ ಶನಿವಾರ ತಂದು ವಾಪಸು ಒಯ್ಯುತ್ತಿದ್ದ ಮೂಲ ಪ್ರೋಗ್ರಾಮಿನ ಕಾರ್ಡುಗಳ ಡಬ್ಬಿಯನ್ನು ಮೇಲಿಟ್ಟೆ. "ಒಂದು ಹಿಡಿ ಅಕ್ಕಿ ನನ್ನ ತಟ್ಟೆಗೆ ವಾಪಸು ಹಾಕಿ. ತವರು ಬರಿದಾಗಬಾರದು ಅಂತ ನಮ್ಮಲ್ಲಿ ಪದ್ಧತಿ," ಎಂದೆ.

ಅವರು ಅಕ್ಕಿ ಹಾಕಿದರು. ಆಮೇಲೆ ಏಪ್ರನ್ನಿನ ಜೇಬಿನಿಂದ ಎರಡು ಕಾರ್ಡು ತೆಗೆದು ತಟ್ಟೆಯಲ್ಲಿಟ್ಟರು. "ಹಾಗಾದರೆ ಇದನ್ನೂ ಇಟ್ಟುಕೋ. ನಾನು ತಿದ್ದಿದ ತಪ್ಪು ನಿಮ್ಮ ಹೊಸ ಮಷೀನಿನ ಪ್ರೋಗ್ರಾಮಿನಲ್ಲೂ ಇದ್ದೀತು, ನೋಡು."

ಸೋಮವಾರ ನೋಡಿದರೆ, ಇತ್ತು! ಫ್ರ್ಯಾಂಕ್ ಆ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಆ ಹೆಂಗಸಿಗೆ ಕೆಲಸ ಕೊಡೋಣ ಅಂದರೆ ಬರ್ತಾಳಾ?" ಎಂದರು.

ಆಮೇಲೆ ನನ್ನ ಕೈಯಿಂದಲೇ ಎಷ್ಟೋ ಯಂತ್ರಗಳಿಗೆ ಸಪೋರ್ಟ್ ನಿಂತಿದೆ. ಪ್ರತಿ ಸಲವೂ ಅದರ ಕೊನೆಯ ಬಳಕೆದಾರರು ಯಾರು ಎಂದು ಹುಡುಕಿಕೊಂಡು ಹೋಗಿದ್ದೇನೆ. ಹಣೆಯಲ್ಲಿ ಕುಂಕುಮವಿಟ್ಟುಕೊಂಡು ಅಕ್ಕಿ ತುಂಬಿದ ಏಪ್ರನ್ ಹಿಡಿದು ನಿಂತಿದ್ದ ಡೊರೋತಿಯನ್ನು ನೆನೆದರೆ ಇಂದಿಗೂ ನನಗೆ ನಗು ಬರುತ್ತದೆ, ಅದರ ಹಿಂದೆಯೇ ಕಣ್ಣು ತುಂಬುತ್ತದೆ.